ಚಕ್ಕೆ ಪುಡಿಯ ಒಂದು ಲಾಟ್‌ನಲ್ಲಿ ಸೀಸ: ರೀಕಾಲ್ ಎಲ್ಲಿಯವರೆಗೆ ಹೋಗಬೇಕು?

ಬ್ಯಾಚ್‌ಶೀಟ್ (ಪ್ರಶ್ನೆ)

ಒಣ ಮಸಾಲೆ ಮಿಶ್ರಣ ತಯಾರಿಸುವ ಘಟಕದ ಲೆಕ್ಕ ಇದು. ಚಕ್ಕೆ ಪುಡಿಯ ಒಂದು ಲಾಟ್‌ನಲ್ಲಿ ಕೆ.ಜಿ.ಗೆ 38 ಮಿ.ಗ್ರಾಂ. ಸೀಸ ಸಿಕ್ಕಿದೆ ಎಂದು ಪೂರೈಕೆದಾರರೇ ಬರೆದು ತಿಳಿಸಿದ್ದಾರೆ. ಆ ಲಾಟ್‌ನ ಕಥೆ ಹೀಗಿದೆ.

ಬಂದದ್ದು 25 ಕೆ.ಜಿ.ಯ 20 ಚೀಲ, ಅಂದರೆ 500 ಕೆ.ಜಿ. ಗೋದಾಮಿನಲ್ಲಿ ಈಗ ಇರುವುದು ಐದು ಪೂರ್ತಿ ಚೀಲ ಮತ್ತು ಒಡೆದ ಚೀಲದಲ್ಲಿ 12 ಕೆ.ಜಿ., ಒಟ್ಟು 137. ಒಂದು ಬ್ಯಾಚ್ 200 ಕೆ.ಜಿ., ಅದಕ್ಕೆ ಚಕ್ಕೆ ಪುಡಿ 12 ಕೆ.ಜಿ. (ಶೇ. 6). ಈ ಲಾಟ್ ನಂಬರ್ ಬರೆದಿರುವ ಬ್ಯಾಚ್ ಶೀಟ್‌ಗಳು 26, ಅಂದರೆ 312 ಕೆ.ಜಿ. ಉಳಿದ 51 ಕೆ.ಜಿ.ಗೆ ದಾಖಲೆ ಇಲ್ಲ.

ಮಿಶ್ರಣದ ಒಂದು ಪಾಲು 100 ಗ್ರಾಂ ಪೌಚ್‌ನಲ್ಲಿ ನೇರ ಮಾರಾಟಕ್ಕೆ ಹೋಗಿದೆ. ಇನ್ನೊಂದು ಪಾಲು ಬಿಸ್ಕೆಟ್ ತಯಾರಕರಿಗೆ ಹೋಗಿದೆ, ಅವರು ಶೇ. 2ರಂತೆ ಹಾಕುತ್ತಾರೆ. ಲ್ಯಾಬ್ ವರದಿಯಲ್ಲಿ ಮಿಶ್ರಣ 1.9 ಮಿ.ಗ್ರಾಂ./ಕೆ.ಜಿ., ಬಿಸ್ಕೆಟ್ "ಪತ್ತೆಯಾಗಿಲ್ಲ".

ಪ್ರಶ್ನೆಗಳು: 51 ಕೆ.ಜಿ.ಯನ್ನು ದೂಳು, ಜರಡಿ ಲೆಕ್ಕದ ನಷ್ಟ ಅಂತ ಬರೆದುಕೊಳ್ಳಬಹುದಾ? ಬಿಸ್ಕೆಟ್ ವರದಿ ಚೆನ್ನಾಗಿರುವುದರಿಂದ ಅದನ್ನು ಬಿಡಬಹುದಾ? ಇದೇ ಲೈನ್‌ನಲ್ಲಿ ಆಮೇಲೆ ಬೇರೆ ಲಾಟ್‌ನಿಂದ ಮಾಡಿದ ಬ್ಯಾಚ್‌ಗಳ ಗತಿ ಏನು?

ತೂಕದಲೆಕ್ಕ

ಮೊದಲು ಆ 51. ಒಣ ಪುಡಿಯಲ್ಲಿ ಚೀಲದ ಒಳಮೈ, ದೂಳು, ಜರಡಿ ಎಲ್ಲ ಸೇರಿ ಶೇ. 1 ಹೋದರೂ ಹೆಚ್ಚೇ. ನೀವು ಬಳಸಿದ 363 ಕೆ.ಜಿ.ಗೆ ಅದು 3–4 ಕೆ.ಜಿ. 51ನ್ನು ನಷ್ಟ ಅಂತ ಬರೆದರೆ ಯಾವ ಆಡಿಟರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

51ನ್ನು 12ರಿಂದ ಭಾಗಿಸಿ ನೋಡಿ. ನಾಲ್ಕು ಬ್ಯಾಚ್, ಮೇಲೆ 3 ಕೆ.ಜಿ. ವ್ಯತ್ಯಾಸ ಹೀಗೆ ಒಂದು ಬ್ಯಾಚ್‌ಗೆ ಹಾಕುವ 12 ಕೆ.ಜಿ.ಯ ಇಷ್ಟು ಪಟ್ಟು ಎಂಬಲ್ಲಿಗೆ ಬಂದು ಕೂತರೆ ಅದು ನಷ್ಟವಲ್ಲ, ಲಾಟ್ ನಂಬರ್ ತಪ್ಪಾಗಿ ಬರೆದ ಬ್ಯಾಚ್‌ಗಳು. ಲಾಟ್ ಬದಲಾದ ದಿನ ಹೊಸ ಚೀಲ ಒಡೆದಿರುತ್ತಾರೆ, ಶೀಟ್‌ನಲ್ಲಿ ಮಾತ್ರ ಹಿಂದಿನ ಶೀಟ್ ನೋಡಿ ಹಳೆಯ ನಂಬರನ್ನೇ ಇಳಿಸಿರುತ್ತಾರೆ. ಶಿಫ್ಟ್ ಬದಲಾಗಿ ಯಾರಾದರೂ ಚೀಲದ ಮೇಲಿನ ಚೀಟಿ ಓದುವವರೆಗೂ ಅದು ಹಾಗೇ ಸಾಗುತ್ತದೆ.

ಪರಿಶೀಲಿಸುವುದು ಸುಲಭ. ಇದರ ಹಿಂದಿನ ಲಾಟ್‌ನ ಲೆಕ್ಕ ತೆಗೆಯಿರಿ. ಬಂದದ್ದಕ್ಕಿಂತ ಬಳಸಿದ್ದು ಜಾಸ್ತಿ ಬಂದರೆ ಅಲ್ಲಿಗೆ ಮುಗಿಯಿತು. ಇಲ್ಲದ ಸರಕನ್ನು ಯಾರೂ ಬ್ಲೆಂಡರ್‌ಗೆ ಸುರಿಯಲಾರರು.

ಇದೆಲ್ಲ ಯಾಕೆ ಮುಖ್ಯ ಅಂದರೆ, ರೀಕಾಲ್‌ನ ಗಾತ್ರವನ್ನು ನಿರ್ಧರಿಸುವುದು ಲ್ಯಾಬ್ ಅಲ್ಲ, ನಿಮ್ಮ ರಿಜಿಸ್ಟರ್. 2008ರ ಡಿಸೆಂಬರ್‌ನಲ್ಲಿ ಐರ್ಲೆಂಡ್‌ನಲ್ಲಿ ಡಯಾಕ್ಸಿನ್ ಎಂಬ ವಿಷದ ಪ್ರಕರಣವಾಯಿತಲ್ಲ, ಅಲ್ಲಿ ಕಲುಷಿತ ಮೇವು ತಿಂದದ್ದು ಹತ್ತು ಹಂದಿ ಸಾಕಣೆ ಕೇಂದ್ರಗಳ ಹಂದಿಗಳು, ದೇಶದ ಒಟ್ಟು ಪೂರೈಕೆಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಬ್ರೆಡ್ ಮುಂತಾದ ಬೇಕರಿ ಉಳಿಕೆಯನ್ನು ಒಣಗಿಸುವ ಯಂತ್ರಕ್ಕೆ ಹಾಕಿದ ಕಲುಷಿತ ಎಣ್ಣೆ ಅದರ ಮೂಲ. ಆದರೆ ಮಾಂಸ ಸಂಸ್ಕರಣಾ ಘಟಕಗಳಲ್ಲಿ ಯಾವ ಮಾಂಸ ಯಾವ ಕೇಂದ್ರದ್ದು ಎಂದು ಬಿಡಿಸಿ ಹೇಳಲಾಗಲಿಲ್ಲ. ಕೊನೆಗೆ ಸೆಪ್ಟೆಂಬರ್ 1ರಿಂದ ತಯಾರಾದ ಐರಿಷ್ ಹಂದಿಮಾಂಸದ ಉತ್ಪನ್ನಗಳನ್ನೆಲ್ಲ ವಾಪಸ್ ಕರೆಯಬೇಕಾಯಿತು.

ಆಸಿಡ್‌ಡೈಜೆಸ್ಟ್

ಲ್ಯಾಬ್ ಕಡೆಯಿಂದ. ನಿಮ್ಮ ಎರಡು ವರದಿಗಳಲ್ಲಿ ಒಂದೂ ನೀವು ಅಂದುಕೊಂಡಿರುವುದನ್ನು ಹೇಳುತ್ತಿಲ್ಲ.

ಬಿಸ್ಕೆಟ್: 38ರ ಶೇ. 6 ಎಂದರೆ ಮಿಶ್ರಣದಲ್ಲಿ 2.28. ಅದರ ಶೇ. 2 ಎಂದರೆ ಬಿಸ್ಕೆಟ್‌ನಲ್ಲಿ 0.046 ಮಿ.ಗ್ರಾಂ./ಕೆ.ಜಿ. ವರದಿಯ ಕೆಳಗಡೆ ಸಣ್ಣ ಅಕ್ಷರದಲ್ಲಿ ಎಲ್‌ಓಕ್ಯೂ, ಅಂದರೆ ಅಳೆಯಬಲ್ಲ ಕನಿಷ್ಠ ಮಟ್ಟ, ಎಷ್ಟಿದೆ ನೋಡಿ. 0.05 ಅಂತಿದ್ದರೆ, ಬಿಸ್ಕೆಟ್‌ನಲ್ಲಿ ಪೂರ್ತಿ ಸೀಸ ಇದ್ದರೂ "ಪತ್ತೆಯಾಗಿಲ್ಲ" ಅಂತಲೇ ಬರುತ್ತದೆ. ಪರೀಕ್ಷೆಗೆ ಕೊಡುವ ಮೊದಲೇ ಈ ಗುಣಾಕಾರ ಮಾಡಬೇಕು. ನಿರೀಕ್ಷಿತ ಮಟ್ಟ ಎಲ್‌ಓಕ್ಯೂನ ಐದು ಪಟ್ಟಾದರೂ ಇರದಿದ್ದರೆ ಆ ವಿಧಾನಕ್ಕೆ ಕಳಿಸಿ ಉಪಯೋಗವಿಲ್ಲ. ಲೋಹಗಳನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ 0.01ಕ್ಕಿಂತ ಕೆಳಗೂ ಹೋಗಬಹುದು, ಆದರೆ ಹಾಗೆ ಕೇಳಿ ಮಾಡಿಸಬೇಕು.

ಮಿಶ್ರಣದ 1.9: ಇದು 2.28ಕ್ಕಿಂತ ಕಡಿಮೆ ಬಂತೆಂದು ಸಮಾಧಾನಪಡಬೇಡಿ. ಸೀಸದ ಮೂಲ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣದ ಪುಡಿಯಾಗಿದ್ದರೆ ಅದು ಕರಗಿ ಹರಡಿರುವುದಿಲ್ಲ, ಕಣಕಣವಾಗಿ ಇರುತ್ತದೆ. 100 ಮೈಕ್ರಾನ್‌ನ ಒಂದೇ ಒಂದು ಗಂಟಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಸೀಸ. ನಾವು ಡೈಜೆಸ್ಟ್ ಮಾಡುವುದು, ಅಂದರೆ ಅಳೆಯುವ ಮೊದಲು ಆಸಿಡ್‌ನಲ್ಲಿ ಕರಗಿಸುವುದು, 0.5 ಗ್ರಾಂ. 2.28 ಮಟ್ಟದ ಮಿಶ್ರಣದ ಅಷ್ಟು ಪುಡಿಯಲ್ಲಿ ಸರಾಸರಿ ಇರಬೇಕಾದ ಒಟ್ಟು ಸೀಸವೇ 1.1 ಮೈಕ್ರೋಗ್ರಾಂ, ಅಂದರೆ ಒಂದು ಗಂಟಿಗಿಂತ ಕಡಿಮೆ. ಗಂಟು ಆ ಅರ್ಧ ಗ್ರಾಂನಲ್ಲಿ ಬಿದ್ದರೆ ಫಲಿತಾಂಶ ದುಪ್ಪಟ್ಟಿನ ಹತ್ತಿರ, ಬೀಳದಿದ್ದರೆ ಬಹುತೇಕ ಸೊನ್ನೆ. ಒಂದು ಮಾದರಿ, ಒಂದು ಅಂಕಿ ಇಟ್ಟುಕೊಂಡು ಬ್ಯಾಚ್ ಬಿಡುಗಡೆ ಮಾಡುವುದು ಜೂಜು.

ಹಾಗಾಗಿ ಉಳಿದ 137 ಕೆ.ಜಿ. ಪುಡಿಯಿಂದಲೇ ಮಾದರಿ ತೆಗೆಯಿರಿ. ಆರೂ ಚೀಲಗಳಿಂದ, ಪ್ರತಿ ಚೀಲದ ಮೇಲೆ, ನಡು, ತಳದಿಂದ 100 ಗ್ರಾಂ. ಐರೋಪ್ಯ ಒಕ್ಕೂಟದ ಮಾದರಿ ನಿಯಮ 50ರಿಂದ 500 ಕೆ.ಜಿ. ಲಾಟ್‌ಗೆ ಕನಿಷ್ಠ 5 ಕಡೆಯಿಂದ ಎನ್ನುತ್ತದೆ, 500 ದಾಟಿದರೆ 10. ನಾನಾಗಿದ್ದರೆ ಇಲ್ಲಿ 18 ತೆಗೆದು, ಚೀಲವಾರು ಆರು ಮಾದರಿ ಮಾಡಿ, ಪ್ರತಿಯೊಂದನ್ನೂ ಇನ್ನಷ್ಟು ನುಣ್ಣಗೆ ಅರೆದು, ಮೂರು ಮೂರು ಸಲ ಡೈಜೆಸ್ಟ್ ಮಾಡಿಸುತ್ತೇನೆ. ಮೂರರ ನಡುವಿನ ಅಂತರವೇ ಗಂಟು ಇದೆಯೋ ಇಲ್ಲವೋ ಹೇಳುತ್ತದೆ. ಅರೆಯುವ ಪಾತ್ರೆಯನ್ನು ಮಾದರಿಗಳ ನಡುವೆ ತೊಳೆಯದಿದ್ದರೆ ಆರೂ ಚೀಲಕ್ಕೆ ಸೀಸ ಅಂಟಿಸಿಕೊಂಡು ಕೂರುತ್ತೀರಿ, ಅದೂ ನೆನಪಿರಲಿ.

ಸೀಸದ ಜೊತೆ ಕ್ರೋಮಿಯಂ ಕೂಡ ಕೇಳಿ. ಲೆಡ್ ಕ್ರೋಮೇಟ್‌ನಲ್ಲಿ ತೂಕದ ಲೆಕ್ಕದಲ್ಲಿ ಸೀಸ 4 ಪಾಲು, ಕ್ರೋಮಿಯಂ 1 ಪಾಲು. 38ಕ್ಕೆ ಎದುರಾಗಿ ಕ್ರೋಮಿಯಂ 9–10ರ ಸುಮಾರು ಬಂದರೆ ಬಣ್ಣ ಬೆರೆತಿದೆ ಎಂದೇ ತಿಳಿಯಿರಿ. ಕ್ರೋಮಿಯಂ ಜೊತೆಗೆ ನಿಕ್ಕೆಲ್ಲೂ ಏರಿದ್ದರೆ ಅದು ಸ್ಟೇನ್‌ಲೆಸ್ ಮಿಲ್‌ನ ಸವೆತ. ಸೀಸ ಒಂದೇ ಏರಿದ್ದರೆ ಮಣ್ಣು, ಹೊಗೆ, ಹಳೆಯ ಯಂತ್ರದ ಬೆಸುಗೆ, ಪೇಂಟ್ ಕಡೆ ನೋಡಬೇಕು. ರೀಕಾಲ್ ಗಡಿಗೆ ಇದು ಯಾಕೆ ಬೇಕು? ಬಣ್ಣ ಬೆರೆಸಿದ್ದಾದರೆ ಅದು ಅರೆಯುವಾಗ ಬೆರೆಸಿದ್ದು, ಅದೇ ಪೂರೈಕೆದಾರರ ಅಕ್ಕಪಕ್ಕದ ಲಾಟ್‌ಗಳೂ ಶಂಕಿತವೇ.

2023ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಶುರುವಾದ ಸೇಬಿನ ಪ್ಯೂರಿ ಪೌಚ್ ರೀಕಾಲ್‌ನಲ್ಲಿ ದಾರಿ ತೋರಿಸಿದ್ದೂ ಸೀಸ-ಕ್ರೋಮಿಯಂ ಅನುಪಾತವೇ. ಪೌಚ್ ತಯಾರಾಗಿದ್ದು ಈಕ್ವೆಡಾರ್‌ನಲ್ಲಿ. ಅಲ್ಲಿ ಸಂಗ್ರಹಿಸಿದ ಚಕ್ಕೆ ಪುಡಿಯಲ್ಲಿ ಕೆ.ಜಿ.ಗೆ 2,270 ಮತ್ತು 5,110 ಮಿ.ಗ್ರಾಂ. ಸೀಸ ಸಿಕ್ಕಿತು.

ಗೇಟ್‌ಪಾಸ್

ಸ್ವಲ್ಪ ಭಿನ್ನಾಭಿಪ್ರಾಯ. ಮೇಲಿನ ಲೆಕ್ಕವೆಲ್ಲ ಸರಿ, ಆದರೆ ಬಿಸ್ಕೆಟ್‌ನಲ್ಲಿ 0.046 ಅಂದರೆ ಬಹಳ ಕಡಿಮೆ. ಎಲ್ಲವನ್ನೂ ಗ್ರಾಹಕರ ಮನೆಯಿಂದ ವಾಪಸ್ ಕರೆಯುವುದು ಅತಿಯಾಗುತ್ತದೆ. ಮಾರಾಟ ತಡೆ, ಅಂಗಡಿ ಮಟ್ಟದ ಹಿಂತೆಗೆತ, ಗ್ರಾಹಕ ಮಟ್ಟದ ರೀಕಾಲ್ ಎಂದು ಮೂರು ಹಂತ ಇರುವುದೇ ಅದಕ್ಕೆ. ಪೌಚ್‌ಗೆ ಮೂರನೆಯದು, ಬಿಸ್ಕೆಟ್‌ಗೆ ಎರಡನೆಯದು ಸಾಕು ಅನ್ನಿಸುತ್ತದೆ.

ಆಸಿಡ್‌ಡೈಜೆಸ್ಟ್

ಅನ್ನಿಸುವುದು ಬೇಡ ಸರ್, ತಿನ್ನುವ ಪ್ರಮಾಣಕ್ಕೆ ಗುಣಿಸಿ ನೋಡೋಣ. ಮಗು ದಿನಕ್ಕೆ 50 ಗ್ರಾಂ ಬಿಸ್ಕೆಟ್ ತಿಂದರೆ 50 × 0.046 = 2.3 ಮೈಕ್ರೋಗ್ರಾಂ. ಅಮೆರಿಕದ ಎಫ್‌ಡಿಎ ಮಕ್ಕಳಿಗೆ ಆಹಾರದ ಮೂಲಕ ಇಟ್ಟುಕೊಂಡಿರುವ ತಾತ್ಕಾಲಿಕ ಉಲ್ಲೇಖ ಮಟ್ಟ ದಿನಕ್ಕೆ 2.2. ಇಡೀ ದಿನದ ಪಾಲನ್ನು ಬಿಸ್ಕೆಟ್ ಒಂದೇ ತಿಂದುಹಾಕುತ್ತದೆ. ಪೌಚ್‌ನ ಮಿಶ್ರಣ 5 ಗ್ರಾಂ ತಟ್ಟೆಗೆ ಬಂದರೆ 11.4 ಮೈಕ್ರೋಗ್ರಾಂ, ಗರ್ಭ ಧರಿಸುವ ವಯಸ್ಸಿನ ಮಹಿಳೆಯರಿಗೆ ಇಟ್ಟ ಮಟ್ಟ 8.8. ಸೀಸಕ್ಕೆ "ಇಷ್ಟಾದರೆ ತೊಂದರೆಯಿಲ್ಲ" ಎಂಬ ಅಂಕಿಯೇ ಇಲ್ಲ. ಹಿಂದೆ ಇದ್ದ ವಾರದ ಸಹ್ಯ ಮಟ್ಟವನ್ನು, ದೇಹತೂಕದ ಕೆ.ಜಿ.ಗೆ 25 ಮೈಕ್ರೋಗ್ರಾಂ, ಜೆಕ್ಫಾ ಎಂಬ ಅಂತರರಾಷ್ಟ್ರೀಯ ಆಹಾರ ತಜ್ಞ ಸಮಿತಿ 2010ರಲ್ಲೇ ಹಿಂತೆಗೆದುಕೊಂಡಿತು.

ಕಾನೂನಿನ ಕಡೆಯಿಂದಲೂ ನೀರು ಬೆರೆಸಿದ ಹಾಗೆ ತೆಳು ಮಾಡಿ ತಪ್ಪಿಸಿಕೊಳ್ಳಲಾಗದು. ಐರೋಪ್ಯ ಒಕ್ಕೂಟದಲ್ಲಿ ತೊಗಟೆ ಮಸಾಲೆಗಳಿಗೆ ಸೀಸದ ಮಿತಿ 2.0 ಮಿ.ಗ್ರಾಂ./ಕೆ.ಜಿ. ನಿಮ್ಮ ಪುಡಿ ಅದರ 19 ಪಟ್ಟು. ಮಿತಿ ಮೀರಿದ ಸರಕನ್ನು ಬೇರೆ ಆಹಾರದಲ್ಲಿ ಘಟಕವಾಗಿ ಬಳಸುವುದಾಗಲಿ, ಒಳ್ಳೆಯ ಸರಕಿನ ಜೊತೆ ಬೆರೆಸಿ ಮಿತಿಯೊಳಗೆ ತರುವುದಾಗಲಿ ಅಲ್ಲಿ ನಿಷಿದ್ಧ.

ಗೇಟ್‌ಪಾಸ್

50 ಗ್ರಾಂ ಲೆಕ್ಕ ಒಪ್ಪಿದೆ. ಹಾಗಿದ್ದರೆ ಬಿಸ್ಕೆಟ್ ತಯಾರಕರಿಗೆ ಇವತ್ತೇ ತಿಳಿಸಬೇಕು, ಗಡಿ ನಿರ್ಧರಿಸುವುದು ಅವರು ಮತ್ತು ಅವರ ಪ್ರಾಧಿಕಾರ. ಗಮನಿಸಿ, ತಿಳಿಸುವ ಕೆಲಸವನ್ನು ಲ್ಯಾಬ್ ವರದಿಗಾಗಿ ಕಾಯಿಸಬಾರದು.

ಎಳ್ಳುಗಂಟು

ತೆಳು ಮಾಡುವ ವಿಚಾರಕ್ಕೆ ಎಥಿಲಿನ್ ಆಕ್ಸೈಡ್ (ಸೂಕ್ಷ್ಮಜೀವಿ ಕೊಲ್ಲಲು ಬಳಸುವ ಅನಿಲ) ಪ್ರಕರಣವನ್ನು ಓದಲೇಬೇಕು. 2020ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ಎಳ್ಳಿನ ಬಗ್ಗೆ ಎಚ್ಚರಿಕೆ ಕೊಟ್ಟಿತು, ಎಣ್ಣೆಕಾಳಿಗೆ ಮಿತಿ 0.05 ಮಿ.ಗ್ರಾಂ./ಕೆ.ಜಿ. ಮುಂದಿನ ವರ್ಷ ಅದೇ ರಾಸಾಯನಿಕ ಆಹಾರ ಗಟ್ಟಿಯಾಗಲು ಹಾಕುವ ಲೋಕಸ್ಟ್ ಬೀನ್ ಗಮ್‌ನಲ್ಲಿ, ಅಂದರೆ ಇ-410ರಲ್ಲಿ ಸಿಕ್ಕಿತು. ಐಸ್‌ಕ್ರೀಮ್‌ಗೆ ಆ ಗಮ್ ಹಾಕುವುದು ಶೇ. 0.3ರ ಆಸುಪಾಸು. ಗಮ್‌ನಲ್ಲಿ 1 ಮಿ.ಗ್ರಾಂ. ಇದ್ದರೂ ಐಸ್‌ಕ್ರೀಮ್‌ನಲ್ಲಿ 0.003, ಯಾವ ಲ್ಯಾಬಿಗೂ ಕಾಣಿಸುವುದಿಲ್ಲ. ಆದರೂ 2021ರ ಜುಲೈನಲ್ಲಿ ಒಕ್ಕೂಟದ ದೇಶಗಳು ಕಲುಷಿತ ಗಮ್ ಬಿದ್ದ ಉತ್ಪನ್ನವನ್ನೆಲ್ಲ ಹಿಂಪಡೆಯಬೇಕೆಂದು ತೀರ್ಮಾನಿಸಿದವು.

ಲ್ಯಾಬ್ ವರದಿ ಮೋಸ ಮಾಡುವ ಇನ್ನೊಂದು ಬಗೆಯೂ ಅಲ್ಲಿದೆ. ಎಥಿಲಿನ್ ಆಕ್ಸೈಡ್ ಸುಮಾರು 11 ಡಿಗ್ರಿಗೇ ಕುದಿಯುತ್ತದೆ, ಸರಕಿನಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಅದರಿಂದ ಆದ 2-ಕ್ಲೋರೋಎಥನಾಲ್. ಮಿತಿ ಇರುವುದು ಎರಡರ ಮೊತ್ತಕ್ಕೆ, ಎರಡನೆಯದನ್ನು 0.55ರಿಂದ ಗುಣಿಸಿ ಕೂಡಬೇಕು. ಬರೀ ಮೊದಲನೆಯದನ್ನು ಅಳೆದು "ಇಲ್ಲ" ಎಂದ ವರದಿಗೆ ಬೆಲೆಯಿಲ್ಲ.

ಬ್ಯಾಚ್‌ಶೀಟ್

ಹಿಂದಿನ ಲಾಟ್ ತೆಗೆದು ನೋಡಿದ್ದಾಯಿತು. ಬಂದದ್ದು 300 ಕೆ.ಜಿ., ಶೀಟ್‌ಗಳಲ್ಲಿ 29 ಬ್ಯಾಚ್, 348 ಕೆ.ಜಿ. ತೂಕದಲೆಕ್ಕ ಹೇಳಿದ ಹಾಗೆ ಸರಿಯಾಗಿ 48 ಹೆಚ್ಚು. ಅಲ್ಲಿಗೆ ಕೊನೆಯ ನಾಲ್ಕು ಸೇರಿಸಿ 30 ಬ್ಯಾಚ್ ಅಂತ ಹಿಡಿಯಬಹುದೇ?

ತೂಕದಲೆಕ್ಕ

31. 300 ಕೆ.ಜಿ.ಯಲ್ಲಿ ಸರಿಯಾಗಿ 25 ಬ್ಯಾಚ್ ಆಗಬೇಕಾದರೆ ಒಂದು ಗ್ರಾಂ ಕೂಡ ಚೆಲ್ಲಿರಬಾರದು. ಹಳೆಯ ಲಾಟ್‌ನಲ್ಲಿ ಎರಡು ಕೆ.ಜಿ. ದೂಳಿಗೆ ಹೋಗಿದ್ದರೂ 25ನೆಯ ಬ್ಯಾಚ್‌ಗೆ ಹೊಸ ಚೀಲದಿಂದ ಎರಡು ಕೆ.ಜಿ. ಬಿದ್ದಿದೆ. ನಿಮ್ಮ 51ರಲ್ಲಿ ನಾಲ್ಕು ಬ್ಯಾಚ್ ಕಳೆದು ಉಳಿದ 3 ಕೆ.ಜಿ.ಯ ವಾಸನೆ ಅದೇ. ಎರಡು ಲಾಟ್ ಕೂಡಿದ ಬ್ಯಾಚ್ ಯಾವಾಗಲೂ ಒಳಗೆ ಬರಬೇಕು. ಒಟ್ಟು 6,200 ಕೆ.ಜಿ. ಮಿಶ್ರಣ.

ಇನ್ನು ರೀವರ್ಕ್. ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ, ಸಾಮಾನ್ಯವಾಗಿ ಮರೆಯುವುದೂ ಅದನ್ನೇ. ಸೀಲ್ ಸರಿಯಾಗದ ಪೌಚ್ ಕತ್ತರಿಸಿ ಮತ್ತೆ ಬ್ಲೆಂಡರ್‌ಗೆ ಹಾಕುವ ಪದ್ಧತಿ ಇದ್ದರೆ, ಬ್ಯಾಚ್‌ಗೆ 10 ಕೆ.ಜಿ. ಹಾಕಿದರೂ ಮುಂದಿನ ಬ್ಯಾಚ್‌ನಲ್ಲಿ ಕೆ.ಜಿ.ಗೆ 0.11 ಮಿ.ಗ್ರಾಂ. ಹೆಚ್ಚುವರಿ ಸೀಸ. ಆ ಬ್ಯಾಚ್‌ನ ರೀವರ್ಕ್ ಅದರ ಮುಂದಿನದಕ್ಕೆ. ರೀವರ್ಕ್ ಚೀಲಕ್ಕೆ ಮೂಲ ಬ್ಯಾಚ್ ನಂಬರ್ ಬರೆದಿಲ್ಲವಾದರೆ ಗಡಿ ಎಳೆಯಲು ಇರುವ ಒಂದೇ ಜಾಗ, ರೀವರ್ಕ್ ಪೂರ್ತಿ ಖಾಲಿಯಾಗಿ ಲೈನ್ ಸ್ವಚ್ಛ ಮಾಡಿದ್ದಕ್ಕೆ ಸಹಿ ಇರುವ ದಿನ. ಅಲ್ಲಿಯವರೆಗಿನದೆಲ್ಲ ಹೋಲ್ಡ್.

ಲೈನ್ ಶುಚಿಗೆ ನೀರು ಬೇಡ, ಗಂಟು ಕಟ್ಟುತ್ತದೆ. ರಿಬ್ಬನ್ ಬ್ಲೆಂಡರ್‌ನಲ್ಲಿ ಪುಡಿ ನಿಲ್ಲುವುದು ರಿಬ್ಬನ್ ತುದಿ ಮತ್ತು ತೊಟ್ಟಿಯ ನಡುವಿನ ಸಂದಿನಲ್ಲಿ, ಶಾಫ್ಟ್ ಸೀಲ್ ಬಳಿ, ಡಿಸ್ಚಾರ್ಜ್ ವಾಲ್ವ್‌ನ ಮೇಲಿನ ಹೊಂಡದಲ್ಲಿ. ವ್ಯಾಕ್ಯೂಮ್ ಮಾಡಿ, ಕೆರೆದು, 25 ಕೆ.ಜಿ. ಉಪ್ಪು ಹಾಕಿ 10 ನಿಮಿಷ ತಿರುಗಿಸಿ ಹೊರಹಾಕಿ. ಅದೇ ಉಪ್ಪನ್ನು ಜರಡಿ, ಸ್ಕ್ರೂ ಕನ್ವೇಯರ್, ಪ್ಯಾಕಿಂಗ್ ಹಾಪರ್ ಎಲ್ಲದರ ಮೂಲಕ ಹಾಯಿಸಿ. ಮೊದಲ ಎರಡು ಸಲದ ಉಪ್ಪು ಕಸಕ್ಕೆ, ಮೂರನೆಯ ಸಲದ್ದು ಲ್ಯಾಬಿಗೆ. ಬಳಸದ ಉಪ್ಪಿನ ಮಾದರಿಯನ್ನೂ ಜೊತೆಗೆ ಕಳಿಸಿ, ಇಲ್ಲದಿದ್ದರೆ ಬಂದ ಅಂಕಿ ಯಾರದ್ದು ಅಂತ ಗೊತ್ತಾಗುವುದಿಲ್ಲ. ದೂಳು ಹಿಡಿಯುವ ಚೀಲ ಫಿಲ್ಟರ್ ಬದಲಿಸಿ. ಅದನ್ನು ಕೊಡವಿದಾಗ ಪುಡಿ ಬ್ಲೆಂಡರ್‌ಗೇ ವಾಪಸ್ ಬೀಳುವ ಜೋಡಣೆ ಇದ್ದರೆ ಶುಚಿ ಮಾಡಿದ್ದೆಲ್ಲ ವ್ಯರ್ಥ.

ಗೇಟ್‌ಪಾಸ್

ಪತ್ರದ ಬಗ್ಗೆ ನಾಲ್ಕು ಮಾತು. ಪ್ರತಿ ಗಿರಾಕಿಗೂ ಅವರಿಗೆ ಹೋದ ಬ್ಯಾಚ್ ನಂಬರ್, ಬಳಕೆ ಅವಧಿ, ಪೊಟ್ಟಣದ ಗಾತ್ರ, ರವಾನೆ ದಿನಾಂಕ, ಪೊಟ್ಟಣಗಳ ಸಂಖ್ಯೆ ಹಾಕಿ ಬೇರೆ ಬೇರೆ ಪತ್ರ ಬರೆಯಿರಿ. ಕಾರಣವನ್ನು "ಗುಣಮಟ್ಟದ ಸಮಸ್ಯೆ" ಅಂತ ಮುಚ್ಚಬೇಡಿ, "ಸೀಸ" ಅಂತಲೇ ಬರೆಯಿರಿ. ಇಲ್ಲದಿದ್ದರೆ ಗೋದಾಮಿನವರು ಅದನ್ನು ಎರಡು ದಿನ ಪಕ್ಕಕ್ಕಿಟ್ಟು ಮತ್ತೆ ಶೆಲ್ಫ್‌ಗೆ ಏರಿಸುತ್ತಾರೆ. "ನಮ್ಮಲ್ಲಿ ಉಳಿದಿಲ್ಲ" ಎನ್ನುವವರಿಂದಲೂ ಉತ್ತರ ಬೇಕು, ಮತ್ತು ಅವರು ಮುಂದೆ ಯಾರಿಗೆ ಕೊಟ್ಟರು ಎಂಬುದೂ ಬೇಕು. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸುಡಾನ್-1 (ಆಹಾರಕ್ಕೆ ನಿಷಿದ್ಧವಾದ ಬಣ್ಣ) ಪ್ರಕರಣ ಬೆಳೆದದ್ದು ಹಾಗೇ: ಬಣ್ಣ ಬೆರೆತ ಮೆಣಸಿನ ಪುಡಿ ಒಂದು ವೋರ್ಸ್ಟರ್ ಸಾಸ್‌ಗೆ, ಆ ಸಾಸ್ ಬೇರೆಯವರ ಸಿದ್ಧ ಅಡುಗೆಗಳಿಗೆ. ಕೊನೆಗೆ 400ಕ್ಕೂ ಹೆಚ್ಚು ಉತ್ಪನ್ನಗಳು ಅಂಗಡಿಯಿಂದ ಇಳಿದವು.

ವಾಪಸ್ ಬಂದ ಸರಕು ಮಾಮೂಲಿ ರಿಟರ್ನ್ಸ್ ಜಾಗಕ್ಕೆ ಹೋಗಬಾರದು, ಅಲ್ಲಿಂದ ಅದು ರೀವರ್ಕ್‌ಗೆ ದಾರಿ ಕಂಡುಕೊಳ್ಳುತ್ತದೆ. ಬೀಗ ಹಾಕಿದ ಪ್ರತ್ಯೇಕ ಜಾಗ, ಕಂಪ್ಯೂಟರ್‌ನಲ್ಲೂ ಬ್ಲಾಕ್. ನಾಶ ಮಾಡುವಾಗ ಮೇವಿಗೆ, ಗೊಬ್ಬರಕ್ಕೆ ಕೊಡಬೇಡಿ, ಸೀಸ ಕೊಳೆಯುವ ವಸ್ತುವಲ್ಲ. ಅಪಾಯಕಾರಿ ತ್ಯಾಜ್ಯ ವಿಲೇವಾರಿಯ ಪರವಾನಗಿ ಇರುವವರಿಗೇ ತೂಕ ಮಾಡಿ ಕೊಟ್ಟು ಪ್ರಮಾಣಪತ್ರ ಪಡೆಯಿರಿ. 6,200ರಲ್ಲಿ ವಾಪಸ್ ಬಂದದ್ದು, ಗೋದಾಮಿನಲ್ಲಿದ್ದದ್ದು, ತಿಂದು ಮುಗಿದದ್ದು ಮೂರೂ ಕೂಡಿ ತಾಳೆಯಾಗಬೇಕು.

ಬ್ಯಾಚ್‌ಶೀಟ್

ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಆ ಲಾಟ್ ಜೊತೆ ಸಿಓಎ, ಅಂದರೆ ಪೂರೈಕೆದಾರರ ಪರೀಕ್ಷಾ ಪ್ರಮಾಣಪತ್ರ, ಇತ್ತು, ಎಲ್ಲ ಅಂಕಿಗಳೂ ಮಿತಿಯೊಳಗೇ. ಬೂದಿಯಂಶವೂ (ಸುಟ್ಟಾಗ ಉಳಿಯುವ ಪಾಲು) ಸರಿಯಿತ್ತು. ಗೇಟ್‌ನಲ್ಲೇ ಇದನ್ನು ಹಿಡಿಯುವ ದಾರಿ ಇತ್ತಾ? ಹಾಗೇ, ಅದೇ ಪೂರೈಕೆದಾರರ ಹಳೆಯ ಲಾಟ್‌ಗಳ ಉಳಿಸಿದ ಮಾದರಿ ಹನ್ನೊಂದು ಇವೆ, ಐದೈದು ಕೂಡಿಸಿ ಪರೀಕ್ಷೆ ಮಾಡಿಸಬಹುದಾ?

ಆಸಿಡ್‌ಡೈಜೆಸ್ಟ್

ಬೂದಿ ಇದನ್ನು ಹಿಡಿಯುವುದಿಲ್ಲ. ಮೇಲೆ ಹೇಳಿದ 5,110ರ ಪುಡಿಯಲ್ಲೇ ಲೆಡ್ ಕ್ರೋಮೇಟ್ ಶೇ. 0.8 ಮಾತ್ರ. ಬೂದಿಯಂಶ ಅಷ್ಟು ಏರಿದರೆ ಯಾರೂ ತಿರುಗಿ ನೋಡುವುದಿಲ್ಲ. ನಿಮ್ಮ 38ಕ್ಕಂತೂ ತಕ್ಕಡಿಯೇ ಅಲುಗದು. ಸಿಓಎಯಲ್ಲಿ ತೇವಾಂಶ, ಬೂದಿ, ತೈಲ, ಸೂಕ್ಷ್ಮಜೀವಿ ಇದ್ದು ಸೀಸದ ಸಾಲೇ ಇಲ್ಲದಿದ್ದರೆ ಅದು ಸೀಸದ ಬಗ್ಗೆ ಏನೂ ಹೇಳಿಲ್ಲ ಅಂತಲೇ ಅರ್ಥ. ಮೋಸ ಮಾಡುವವರಿಗೆ ಯಾವ ಪರೀಕ್ಷೆ ನಡೆಯುತ್ತದೆ ಅಂತ ಗೊತ್ತಿರುತ್ತದೆ. ಪ್ಲಾಸ್ಟಿಕ್‌ಗೆ ಬಳಸುವ ಮೆಲಮೈನ್ ಆಹಾರದಲ್ಲಿ ನಡೆದದ್ದೇ ಹಾಗೆ. ಅದರ ತೂಕದ ಮೂರನೇ ಎರಡು ಪಾಲು ಸಾರಜನಕ, ಪ್ರೋಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು, 6.25ರಿಂದ ಗುಣಿಸಿದರೆ ಒಂದು ಗ್ರಾಂ ಮೆಲಮೈನ್ ನಾಲ್ಕು ಗ್ರಾಂ ಪ್ರೋಟೀನ್‌ನಂತೆ ಕಾಣುತ್ತದೆ. 2007ರಲ್ಲಿ ಸಾಕುಪ್ರಾಣಿಗಳ ಆಹಾರದ ಗೋಧಿ ಗ್ಲುಟೆನ್, 2008ರಲ್ಲಿ ಚೀನಾದ ಶಿಶು ಹಾಲಿನ ಪುಡಿ, ಎರಡೂ ಪ್ರೋಟೀನ್ ಪರೀಕ್ಷೆ ಪಾಸಾಗಿದ್ದವು.

ಗೇಟ್‌ಗೆ ಕೈಯಲ್ಲಿ ಹಿಡಿಯುವ, ಎಕ್ಸ್-ರೇಯಿಂದ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಸಾಕು. ಪುಡಿಯನ್ನು ತೆಳು ಫಿಲ್ಮ್‌ನ ಕಪ್‌ನಲ್ಲಿ ಒತ್ತಿ ತುಂಬಿ, ಒಂದೆರಡು ನಿಮಿಷ ಓದಿಸಿದರೆ 38ರಂಥದ್ದು ತಪ್ಪಿಸಿಕೊಳ್ಳುವುದಿಲ್ಲ. ಮಿತಿಯ ಹತ್ತಿರದ 2–3 ಮಿ.ಗ್ರಾಂ.ಗೆ ಅದನ್ನು ನಂಬಬೇಡಿ, ಅದಕ್ಕೆ ಐಸಿಪಿ-ಎಂಎಸ್. ಪುಡಿಯ ಬದಲು ಇಡೀ ಚಕ್ಕೆ ತರಿಸಿ ನೀವೇ ಅರೆದರೆ ಬಣ್ಣ ಬೆರೆಸುವ ಜಾಗವೇ ಇಲ್ಲವಾಗುತ್ತದೆ.

ಮಾದರಿ ಕೂಡಿಸಬೇಡಿ. ನಾಲ್ಕು ಲಾಟ್ 0.3ರಂತೆ ಇದ್ದು ಐದನೆಯದು 2.5 ಇದ್ದರೆ ಕೂಡಿಸಿದ್ದು 0.74 ತೋರಿಸುತ್ತದೆ, ಅದನ್ನು ನೋಡಿ ಐದೂ ಪಾಸು ಅಂದುಕೊಳ್ಳುತ್ತೀರಿ. ಹನ್ನೊಂದನ್ನೂ ಬಿಡಿಯಾಗಿ, ಒಂದೇ ರನ್‌ನಲ್ಲಿ, ಕ್ರೋಮಿಯಂ ಸಮೇತ ಕೊಡಿ. ಈ 38ರ ಮಾದರಿಯನ್ನು ಕೊನೆಯಲ್ಲಿ ಇಡಲು ಹೇಳಿ, ಮೊದಲಿಟ್ಟರೆ ಅದರ ಶೇಷ ಮುಂದಿನ ಮಾದರಿಯ ಅಂಕಿಯಲ್ಲಿ ಸೇರಿಕೊಳ್ಳುತ್ತದೆ.